ಸೀಟು ಸಿಕ್ಕಿತು, ಆಮೇಲೆ?

ಬೆಳಗಿನ ಐದೂವರೆಗೆ ಸ್ವಾರಗೇಟ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಮ್ಮ ಕಡೆಯವರನ್ನು ಗುರುತಿಸುವುದು ಕಷ್ಟವೇನಲ್ಲ. ಸೋಲಾಪುರದ ಹಾದಿಯಿಂದ ರಾತ್ರಿಯಿಡೀ ಓಡಿ ಬಂದ ಬಸ್ಸು ನಿಂತ ಕೂಡಲೇ ಮೊದಲು ಚೀಲಗಳು ಇಳಿಯುತ್ತವೆ, ಆಮೇಲೆ ಮನುಷ್ಯರು. ಜೋಳದ ಹಿಟ್ಟಿನ ಚೀಲ, ಕಟಕ್ ರೊಟ್ಟಿ ಕಟ್ಟಿದ ಬಟ್ಟೆಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇಂಡಿ ಕಡೆಯ ಬಸ್ಸಿನಿಂದ ಒಬ್ಬ ಹುಡುಗಿ ಇಳಿದಳು. ಕಬ್ಬಿಣದ ಟ್ರಂಕನ್ನು ಕಂಡಕ್ಟರ್ ಇಳಿಸಿಕೊಟ್ಟ. ಒಂದು ಪ್ಲಾಸ್ಟಿಕ್ ಚೀಲವನ್ನು ಮಾತ್ರ ಅವಳು ಯಾರ ಕೈಗೂ ಕೊಡದೆ ಎದೆಗೆ ಅವುಚಿಕೊಂಡಿದ್ದಳು. ಅದರಲ್ಲಿ ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಹನ್ನೆರಡು ಪಾಸ್‌ಪೋರ್ಟ್ ಫೋಟೋ ಇದ್ದವು.

ಅವಳ ತಂದೆ ನನ್ನ ಪಕ್ಕದಲ್ಲೇ ನಿಂತಿದ್ದರು. ಹಡಪಸರದ ಆಚೆ ಕಟ್ಟಡದ ಕೆಲಸ. ಅವರು ಪುಣೆಗೆ ಬಂದು ಹದಿನಾಲ್ಕು ವರ್ಷ. ಮಗಳು ಮಾತ್ರ ಊರಲ್ಲಿ ಅಜ್ಜಿಯ ಹತ್ತಿರ ಬೆಳೆದು, ಕನ್ನಡ ಶಾಲೆಯಲ್ಲಿ ಓದಿ, ಪಿಯುಸಿ ಸೈನ್ಸ್ ಪಾಸಾಗಿ, ಇಲ್ಲಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಹಿಡಿದಿದ್ದಳು. "ಸೀಟ್ ಸಿಕ್ಕೈತ್ರಿ ಅಕ್ಕಾರ, ಇನ್ನೇನ್ ಚಿಂತಿಲ್ಲ" ಅಂದರು. ನಾನು ಹೂಂ ಅಂದೆ. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ನನಗೆ ತಿಳಿಯುವುದಿಲ್ಲ. ಚಿಂತೆ ಶುರುವಾಗುವುದೇ ಸೀಟು ಸಿಕ್ಕ ಮೇಲೆ ಎಂದು ಆ ಹೊತ್ತಿನಲ್ಲಿ, ಆ ಮುಖ ನೋಡಿ, ಹೇಗೆ ಹೇಳುವುದು?

ನಾನೂ ಇದೇ ಸ್ಟ್ಯಾಂಡಿನಲ್ಲಿ ಇಳಿದವಳು, 1994ರಲ್ಲಿ. ಆಗ ನೆಲದಡಿಯ ಮೆಟ್ರೋ ಇರಲಿಲ್ಲ, ಜೇಧೆ ಚೌಕದಲ್ಲಿ ಇಷ್ಟು ಫ್ಲೈಓವರ್‌ಗಳೂ ಇರಲಿಲ್ಲ. ಅಪ್ಪ ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಸ್ವಾರಗೇಟದಿಂದ ನಡೆದೇ ಹೋಗುವ ದೂರ. ಮೊದಲ ದಿನ ನನ್ನನ್ನು ಹಮಾಲ ಪಂಚಾಯತಿಯ ‘ಕಷ್ಟಾಚಿ ಭಾಕರ’ಕ್ಕೆ ಕರೆದುಕೊಂಡು ಹೋಗಿ ಝುಣಕಾ-ಭಾಕರಿ ತಿನ್ನಿಸಿದರು. ಬಾಬಾ ಆಢಾವ್ ಅವರು 1974ರಲ್ಲಿ ಶುರುಮಾಡಿದ ಊಟದ ಮನೆ ಅದು. ದುಡಿಯುವವರಿಗೆ ಕಡಿಮೆ ದರದಲ್ಲಿ ಹೊಟ್ಟೆ ತುಂಬ ಊಟ. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನರ್ಸಿಂಗ್ ಶಾಲೆಯ ಅರ್ಜಿಯಲ್ಲಿ ‘ಗಾರ್ಡಿಯನ್’ ಎಂದಿದ್ದ ಕಡೆ ಯಾರ ಹೆಸರು ಬರೆಯಬೇಕೆಂದು ನಾವಿಬ್ಬರೂ ಅರ್ಧ ತಾಸು ಯೋಚಿಸಿದೆವು. ಅದು ವಾಚ್‌ಮನ್ ಇರಬೇಕು, ಹಾಸ್ಟೆಲ್ಲಿನವರೇ ಬರೆದುಕೊಳ್ಳುತ್ತಾರೆ ಅಂದರು ಅಪ್ಪ. ಖಾಲಿ ಬಿಟ್ಟೆವು.

ಮೊದಲ ಅನಾಟಮಿ ಟೆಸ್ಟಿನಲ್ಲಿ ನನಗೆ 50ಕ್ಕೆ 9 ಬಂತು. ಓದಿರಲಿಲ್ಲ ಅಂತಲ್ಲ. ರಾತ್ರಿ ಎರಡರ ತನಕ ಕಣ್ಣೀರು ಹಾಕುತ್ತ ಬಾಯಿಪಾಠ ಮಾಡಿದ್ದೆ. ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ಅರ್ಥವಾಗಿರಲಿಲ್ಲ. ಊರಿಗೆ ಹೊರಟು ನಿಂತಾಗ ನಮ್ಮ ಸಿಸ್ಟರ್ ಟ್ಯೂಟರ್, ಕೇರಳದ ಹೆಂಗಸು, ಟ್ರಂಕಿನ ಮೇಲೆ ಕೂತುಬಿಟ್ಟರು. ಅಕ್ಷರಶಃ ಕೂತರು. ಮರುದಿನದಿಂದ ರಾತ್ರಿ ಊಟದ ಮೇಲೆ ಒಂದು ತಾಸು. ಒಂದೊಂದು ಎಲುಬನ್ನೂ ನನ್ನ ಕೈಗೆ ಕೊಟ್ಟು, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ ಎಂದು ಕೇಳುತ್ತಿದ್ದರು. ನಾನು ಮೊಣಕೈ, ಮುಂಗೈ, ಮಣಿಕಟ್ಟು ಅಂತ ಹೇಳಬೇಕು. ಆಮೇಲೆ ಮರಾಠಿ, ಆಮೇಲೆ ಪುಸ್ತಕದ ಹೆಸರು. ಆರು ತಿಂಗಳು ಹೀಗೇ ನಡೆಯಿತು. ಅದಕ್ಕೆ ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ಅದು ಯಾವ ಟೈಂಟೇಬಲ್ಲಿನಲ್ಲೂ ಇರಲಿಲ್ಲ.

ಇಷ್ಟೆಲ್ಲ ಉಂಡವಳು ನಾನು ಮುಂದೆ ಏನು ಮಾಡಿದೆ ಎಂಬುದನ್ನೂ ಹೇಳಬೇಕು. 2011ರಲ್ಲಿ ನಮ್ಮ ಊರಿನದೇ ಹುಡುಗಿಯೊಬ್ಬಳು ನನ್ನ ಮಾತು ನಂಬಿ ಪುಣೆಗೆ ಬಂದಳು. ಪರಿಚಯದವರ ಹತ್ತಿರ ಹಣ ಕೂಡಿಸಿ ಮೊದಲ ವರ್ಷದ ಫೀ ಕಟ್ಟಿಸಿದೆ, ಹಾಸ್ಟೆಲ್ ಕೊಡಿಸಿದೆ, ಯೂನಿಫಾರ್ಮ್ ಹೊಲಿಸಿದೆ. ನನ್ನ ಕೆಲಸ ಆಯಿತು ಎಂದುಕೊಂಡೆ. ಅವಳು ಫೋನ್ ಮಾಡಿದಾಗೆಲ್ಲ ಡ್ಯೂಟಿಯಲ್ಲಿದ್ದೇನೆ, ರಾತ್ರಿ ಮಾಡು ಅಂದೆ. ರಾತ್ರಿ ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ. ದೀಪಾವಳಿಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮೂಲ ಅಂಕಪಟ್ಟಿ ಕೇಳಲು ಹೋದರೆ ಉಳಿದ ವರ್ಷಗಳ ಫೀ ಕಟ್ಟಿದರೆ ಮಾತ್ರ ಕೊಡುತ್ತೇವೆ ಎಂದು ಆ ಕಾಲೇಜಿನ ಆಫೀಸಿನವರು ಎಂಟು ತಿಂಗಳು ಅಲೆದಾಡಿಸಿದರು. ಕೊನೆಗೆ ಕೊಟ್ಟರು. ಅಷ್ಟರಲ್ಲಿ ಅವಳ ಮದುವೆ ಆಗಿತ್ತು.

ಆ ಮೇಲೆ ನಾವು ನಾಲ್ಕೈದು ಜನ ಕನ್ನಡದ ಸಿಸ್ಟರುಗಳು ಒಂದು ಪದ್ಧತಿ ಮಾಡಿಕೊಂಡೆವು. ಅದಕ್ಕೆ ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಬೋರ್ಡ್ ಇಲ್ಲ. ಊರ ಕಡೆಯಿಂದ ಯಾವ ಹುಡುಗಿ ಬಂದರೂ ಮೊದಲ ಹತ್ತು ತಿಂಗಳು ಅವಳಿಗೆ ಒಬ್ಬ ಅಕ್ಕ. ಭಾನುವಾರ ಒಂದು ಫೋನ್, ತಿಂಗಳಿಗೊಮ್ಮೆ ಭೇಟಿ. ಬೆಳಗಿನ ಬಸ್ಸಿಗೆ ಸ್ಟ್ಯಾಂಡಿನಲ್ಲಿ ನಿಲ್ಲುವುದು ಆ ಕೆಲಸದಲ್ಲಿ ಒಂದು.

ಇದೇನು ನಮ್ಮ ಹೊಸ ಶೋಧವಲ್ಲ. ನಾವು ಬದುಕುತ್ತಿರುವ ಈ ಊರು ನೂರು ವರ್ಷದ ಹಿಂದೆಯೇ ಇದನ್ನು ಕಂಡುಕೊಂಡಿತ್ತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಹೆಂಡತಿ ರಮಾಬಾಯಿಯವರಿಗೆ ಮದುವೆಯಾದಾಗ ಹನ್ನೊಂದು ವರ್ಷ, ಅಕ್ಷರ ಬರುತ್ತಿರಲಿಲ್ಲ. ಮನೆಯ ಹೆಂಗಸರ ಕೊಂಕು ಮಾತಿನ ನಡುವೆ ಗಂಡನಿಂದ ಓದು ಕಲಿತವರು. 1901ರಲ್ಲಿ ರಾನಡೆ ತೀರಿಕೊಂಡರು. 1909ರಲ್ಲಿ ರಮಾಬಾಯಿ, ಗೋಪಾಲ ಕೃಷ್ಣ ದೇವಧರರ ಜೊತೆಗೂಡಿ ಪುಣೆಯ ಸೇವಾಸದನ ಕಟ್ಟಿದರು. ವಿಧವೆಯರು, ಗಂಡ ಬಿಟ್ಟವರು, ಓದಿಲ್ಲದ ಮನೆಯ ಹೆಣ್ಣುಮಕ್ಕಳು ಅಲ್ಲಿಗೆ ಬಂದರು. ಅವರಲ್ಲಿ ಕೆಲವರನ್ನು ಸಸೂನ್ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಕಳಿಸಬೇಕೆಂದು ರಮಾಬಾಯಿ ಹೊರಟರು.

ಆ ಕಾಲದಲ್ಲಿ ಇದು ಎಷ್ಟು ದೊಡ್ಡ ಮಾತು ಎಂಬುದು ಈಗ ಊಹಿಸುವುದೇ ಕಷ್ಟ. ಯಾವ ಜಾತಿಯೆಂದು ಗೊತ್ತಿಲ್ಲದವರ ಮೈ ಮುಟ್ಟಬೇಕು, ಮಲ-ಮೂತ್ರ ಎತ್ತಬೇಕು, ರಾತ್ರಿ ಹೊರಗೆ ಉಳಿಯಬೇಕು. ಮಾನವಂತರ ಮನೆಯ ಹೆಣ್ಣು ಮಾಡುವ ಕೆಲಸವಲ್ಲ ಎಂದು ಊರೆಲ್ಲ ಆಡಿಕೊಂಡಿತು. ರಮಾಬಾಯಿ ಬರೀ ಫೀ ಕಟ್ಟಿ ಕೈತೊಳೆದುಕೊಂಡಿದ್ದರೆ ಆ ಹೆಣ್ಣುಮಕ್ಕಳು ವಾರದೊಳಗೆ ಓಡಿ ಬರುತ್ತಿದ್ದರು. ಸೇವಾಸದನ ಅವರಿಗೆ ವಿದ್ಯಾರ್ಥಿವೇತನ ಕೊಟ್ಟಿತು, ಇರಲು ಹಾಸ್ಟೆಲ್ ಮಾಡಿತು. ನರ್ಸುಗಳಷ್ಟೇ ಅಲ್ಲ, ವೈದ್ಯಕೀಯ ಶಾಲೆಗೂ ಕೆಲವರನ್ನು ಕಳಿಸಿತು. ನೂರು ವರ್ಷಗಳಾಚೆ ಇವತ್ತು ಸಸೂನ್‌ನ ಓಪಿಡಿಯಲ್ಲಿ ಬಿಳಿ ಕೋಟಿನಲ್ಲಿ ಓಡಾಡುವ ಹಳ್ಳಿಯ ಹುಡುಗಿಯರನ್ನು ನೋಡಿದಾಗ ನನಗೆ ಆ ಮೊದಲ ಬ್ಯಾಚಿನವರ ನೆನಪಾಗುತ್ತದೆ. ಅವರ ಹೆಸರುಗಳು ನಮಗೆ ಯಾರಿಗೂ ಗೊತ್ತಿಲ್ಲ.

ಅದೇ ಕಾಲದ ಇನ್ನೊಬ್ಬರು ಧೋಂಡೋ ಕೇಶವ ಕರ್ವೆ. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಶುರುಮಾಡಿ, ಆಮೇಲೆ ಊರ ಹೊರಗಿನ ಹಿಂಗಣೆಯಲ್ಲಿ ಗುಡಿಸಲು ಹಾಕಿ, ಅಲ್ಲಿಂದ ಫರ್ಗ್ಯುಸನ್ ಕಾಲೇಜಿಗೆ ನಡೆದು ಬಂದು ಗಣಿತ ಹೇಳುತ್ತಿದ್ದರು. ಆ ಹಿಂಗಣೆಯೇ ಈಗಿನ ಕರ್ವೆನಗರ. ಅದೇ ಸಂಸ್ಥೆಗೆ ಇವತ್ತು ಒಂದು ನರ್ಸಿಂಗ್ ಕಾಲೇಜೂ ಇದೆ. 1955ರಲ್ಲಿ ಅಚ್ಯುತರಾವ್ ಆಪಟೆಯವರ ಮುಂದಾಳ್ತನದಲ್ಲಿ ಹುಟ್ಟಿದ ವಿದ್ಯಾರ್ಥಿ ಸಹಾಯಕ ಸಮಿತಿ ಹಳ್ಳಿಯ ಬಡ ಮಕ್ಕಳಿಗೆ ಪುಣೆಯಲ್ಲಿ ಹಾಸ್ಟೆಲ್ ನಡೆಸುತ್ತ ಬಂದಿದೆ. ಮಕ್ಕಳೇ ಅಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ನಮ್ಮ ಹಿರಿಯರ ವಾರಾನ್ನದ ಕಥೆ ನಿಮಗೆ ಗೊತ್ತಲ್ಲ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದರಲ್ಲಿ ಊಟದಷ್ಟೇ ದೊಡ್ಡದು ಇನ್ನೊಂದಿತ್ತು: ಹುಡುಗ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಏಳು ಮನೆಗಳು. (ಹುಡುಗನ ಜಾತಿ ನೋಡಿಯೇ ಬಾಗಿಲು ತೆರೆಯುತ್ತಿದ್ದ ಮನೆಗಳೂ ಹೌದು. ಅದನ್ನು ಮರೆತು ಹೊಗಳುವುದು ಬೇಡ.)

ಅಮೆರಿಕದವರು ಇದಕ್ಕೊಂದು ಕಾನೂನನ್ನೇ ಮಾಡಿಕೊಂಡಿದ್ದಾರೆ. ತಂದೆ-ತಾಯಿ ಇಬ್ಬರಿಗೂ ಪದವಿ ಇಲ್ಲದ ಮನೆಯ ವಿದ್ಯಾರ್ಥಿಯನ್ನು ‘ಮೊದಲ ತಲೆಮಾರಿನವರು’ ಎಂದು ಗುರುತಿಸಿ, ‘ಟ್ರಿಯೋ’ ಎಂಬ ಸರ್ಕಾರಿ ಕಾರ್ಯಕ್ರಮಗಳ ಅಡಿಯಲ್ಲಿ ಕಾಲೇಜುಗಳಿಗೆ ದುಡ್ಡು ಕೊಡುತ್ತಾರೆ. 1960ರ ದಶಕದಲ್ಲಿ ಶುರುವಾದದ್ದು. ಪಾಠ ಹೇಳುವವರು, ಸಲಹೆ ಕೊಡುವವರು, ಅರ್ಜಿ ತುಂಬಿಸುವವರು ಎಲ್ಲ ಅದರಲ್ಲಿ ಬರುತ್ತಾರೆ. ನಮ್ಮಲ್ಲಿ ಜಾತಿಯ ಲೆಕ್ಕ ಇದೆ, ಆದಾಯದ ಲೆಕ್ಕ ಇದೆ. ಆದರೆ ಎಂ.ಬಿ.ಬಿ.ಎಸ್. ಸೇರಿದವರಿಗೆ 2019ರಿಂದ ಶುರುವಿನಲ್ಲೇ ಫೌಂಡೇಶನ್ ಕೋರ್ಸ್ ಬಂದಿದೆ. ಭಾಷೆ, ಕಂಪ್ಯೂಟರ್, ರೋಗಿಯ ಜೊತೆ ಮಾತಾಡುವ ರೀತಿ ಅದರಲ್ಲಿ ಸೇರಿವೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೇ ಬರೆಯಬಹುದು. ಒಳ್ಳೆಯದೇ. ಕನ್ನಡದಲ್ಲಿ ಬರೆದು ಒಳಗೆ ಬಂದ ಮಗು ಮರುದಿನ ಇಂಗ್ಲಿಷಿನ ದಪ್ಪ ಪುಸ್ತಕದ ಮುಂದೆ ಕೂರುತ್ತದೆ. ಆ ಒಂದು ರಾತ್ರಿಯನ್ನು ದಾಟಿಸುವ ಕೆಲಸವೇ ನಾನು ಹೇಳುತ್ತಿರುವುದು.

ಇದನ್ನು ಪೂರ್ತಿ ಮಾಡಿ ತೋರಿಸಿದ ಜಾಗ ನನಗೆ ತಿಳಿದ ಮಟ್ಟಿಗೆ ನಮ್ಮದೇ ನಾಡಿನಲ್ಲಿದೆ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ. ಡಾ. ಎಚ್. ಸುದರ್ಶನ್ ಅಲ್ಲಿ ಸೋಲಿಗರ ನಡುವೆ ವೈದ್ಯರಾಗಿ ನೆಲೆ ನಿಂತು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಜೊತೆ ಶಾಲೆ, ಶಾಲೆಯ ಜೊತೆ ಹಾಸ್ಟೆಲ್, ಆಮೇಲೆ ಗಿರಿಜನ ಹೆಣ್ಣುಮಕ್ಕಳಿಗೆ ಎ.ಎನ್.ಎಂ. ತರಬೇತಿ. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಪತ್ರಿಕೆಗಳು ಆ ಸುದ್ದಿ ಬರೆದವು. ನನಗೆ ಆ ಪ್ರಶಸ್ತಿಗಿಂತ ಮುಖ್ಯವಾಗಿ ಕಾಣುವುದು ಆ ಎ.ಎನ್.ಎಂ. ಹುಡುಗಿಯರು. ಹೊರಗಿನಿಂದ ಬಂದ ನರ್ಸಮ್ಮ ಪೋಡಿನಲ್ಲಿ ಉಳಿಯುವುದಿಲ್ಲ, ವರ್ಗ ಮಾಡಿಸಿಕೊಂಡು ಹೋಗುತ್ತಾಳೆ. ಪೋಡಿನವಳೇ ಕಲಿತರೆ ಅವಳಿಗೆ ಅದು ತವರು.

ಆರೋಗ್ಯ ಕ್ಷೇತ್ರದ ನಾಯಕರು ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಆಸ್ಪತ್ರೆಯ ಡೈರೆಕ್ಟರ್. ನಾನು ಕಂಡ ನಾಯಕಿ ಬೇರೆ. ಅಕ್ಕಲಕೋಟ ಕಡೆಯ ಕನ್ನಡದ ಹುಡುಗಿ, ತಾಯಿ ಬೀಡಿ ಕಟ್ಟುತ್ತಿದ್ದಳು. ಮೊದಲ ವರ್ಷ ಎರಡು ವಿಷಯದಲ್ಲಿ ಫೇಲಾದವಳು. ಈಗ ಪುಣೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಒಂದು ರಾತ್ರಿ ಅಫಜಲಪುರ ತಾಲ್ಲೂಕಿನ ಹೆಂಗಸೊಬ್ಬಳು ಬಂದಿದ್ದಳು, ಗಂಡ-ಹೆಂಡತಿ ಇಬ್ಬರೂ ಕಟ್ಟಡದ ಕೆಲಸದವರು. ಹೆರಿಗೆ ತೊಡಕಾಗಿತ್ತು, ಆಪರೇಷನ್ ಆಗಬೇಕು. ಅವಳು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಕೇಸ್ ಪೇಪರಿನಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದಿದ್ದರು.

ಇನ್‌ಚಾರ್ಜ್ ಬಂದು ಮಂಚದ ಅಂಚಿಗೆ ಕೂತು ಕೇಳಿದಳಂತೆ, "ಯವ್ವಾ, ಯಾಕ ಒಲ್ಲಿ?" ಆ ಹೆಂಗಸು ಅತ್ತುಬಿಟ್ಟಳು. ಮಾವ ಒಮ್ಮೆ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಹೊಲ ಕಳೆದುಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಯಾರೂ ಓದಲು ಬಾರದ ಕಾಗದಕ್ಕೆ ಬೆರಳು ಕೊಡುವುದಿಲ್ಲ. ಇನ್‌ಚಾರ್ಜ್ ಆ ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದಳು. ಐದು ನಿಮಿಷದ ಕೆಲಸ. ತಾಯಿ-ಮಗು ಉಳಿದರು. ಮರುವಾರ ಅವಳು ವಾರ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿದಳು: ಯಾವ ಸಿಸ್ಟರಿಗೆ, ಯಾವ ಆಯಾಗೆ, ಯಾವ ವಾರ್ಡ್‌ಬಾಯ್‌ಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ. ರೋಗಿಯ ಭಾಷೆ ಬಲ್ಲವರು ಓದಿ ಹೇಳದೆ ಯಾವ ಒಪ್ಪಿಗೆ ಪತ್ರವನ್ನೂ ಮುಂದೆ ಕಳಿಸಬಾರದು ಎಂದು ಡಾಕ್ಟರುಗಳ ಎದುರಿಗೇ ಹಟ ಹಿಡಿದಳು. ಆ ಪಟ್ಟಿ ಈಗ ಬೇರೆ ವಾರ್ಡುಗಳಿಗೂ ಹೋಗಿದೆ. ಇದನ್ನು ಎಂ.ಬಿ.ಎ. ಮಾಡಿದವರು ಯೋಚಿಸಲಾರರು ಅಂತಲ್ಲ. ಆದರೆ ಕಾಗದದ ಭಯ ಯಾವ ಬಗೆಯದು ಎಂಬುದು ಇವಳಿಗೆ ಮನೆಯಿಂದಲೇ ಗೊತ್ತಿತ್ತು.

ಇನ್ನೊಬ್ಬಳು ಇಂಡಿ ತಾಲ್ಲೂಕಿಗೇ ತಿರುಗಿ ಹೋದಳು. 2018ರ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸಿ, ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯ ಅಧಿಕಾರಿ ಎಂದು ಕೂರಿಸಿದ್ದಾರಲ್ಲ, ಆ ಕೆಲಸ. ಬಿಪಿ, ಶುಗರ್ ನೋಡುತ್ತಾಳೆ, ಗುಳಿಗೆ ಕೊಡುತ್ತಾಳೆ, ಮೇಲಿನ ಆಸ್ಪತ್ರೆಗೆ ಯಾವಾಗ ಕಳಿಸಬೇಕೆಂದು ನಿರ್ಧರಿಸುತ್ತಾಳೆ. ಗುತ್ತಿಗೆ ಕೆಲಸ, ಸಂಬಳದ ತಕರಾರು ಇದ್ದೇ ಇದೆ. ಊರಿನ ಗೌಡರ ಮನೆಯವರೂ ಈಗ ಅವಳ ಖುರ್ಚಿಯ ಮುಂದೆ ತೋಳು ಚಾಚಿ ಕೂರುತ್ತಾರೆ ಎಂದು ಅವಳು ನಗುತ್ತ ಹೇಳುವಾಗ ನನಗೂ ನಗು ಬರುತ್ತದೆ.

ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರಿಗೆ ಮನೆ ಕೆಲಸದವರ ಮಗಳೋ, ಸೊಸೈಟಿಯ ವಾಚ್‌ಮನ್ ಮಗನೋ ಪರಿಚಯವಿರಬಹುದು. ಅವರಿಗೆ ತಿಳಿಸಬೇಕಾದ ಕೆಲವು ಮಾತು ಇವೆ. ಪರರಾಜ್ಯದಲ್ಲಿರುವ ನಮ್ಮವರಿಗೆ ಮೊದಲ ಪೆಟ್ಟು ಬೀಳುವುದು ಜಾತಿ ಪ್ರಮಾಣಪತ್ರದಲ್ಲಿ. ಕರ್ನಾಟಕದ ಪರಿಶಿಷ್ಟ ಜಾತಿ ಅಥವಾ ಪಂಗಡದ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲು ಸೀಟಿಗೆ ನಡೆಯುವುದಿಲ್ಲ. ಇದರ ಮೇಲೆ ಸುಪ್ರೀಂ ಕೋರ್ಟಿನ 1990ರ ತೀರ್ಪೇ ಇದೆ, ಅದೂ ವೈದ್ಯಕೀಯ ಸೀಟಿನ ವಿಷಯದಲ್ಲೇ. ಆಂಧ್ರದ ಪರಿಶಿಷ್ಟ ಪಂಗಡದ ಹುಡುಗನೊಬ್ಬ, ತಂದೆಯ ನೌಕರಿಯಿಂದಾಗಿ ಮುಂಬಯಿಯಲ್ಲಿ ಬೆಳೆದವನು, ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿ ಸೋತ ಪ್ರಕರಣ. ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ. ಒಂದು ರಾಜ್ಯದಲ್ಲಿ ಹಿಂದುಳಿದವರು ಇನ್ನೊಂದರಲ್ಲಿ ಹಾಗಿರಲಿಕ್ಕಿಲ್ಲ ಎಂಬುದು. ಆದರೆ ಹಡಪಸರದ ಶೆಡ್ಡಿನಲ್ಲಿ ಮಲಗುವ ಮನುಷ್ಯನಿಗೆ ರಾಜ್ಯದ ಗಡಿ ದಾಟಿದ್ದರಿಂದ ಏನು ಬದಲಾಯಿತು ಎಂದು ಯಾರಾದರೂ ನನಗೆ ಹೇಳಬೇಕು.

ಆದ್ದರಿಂದ ಕರ್ನಾಟಕದ ಬಾಗಿಲನ್ನೂ ತಟ್ಟಬೇಕು. ಅಲ್ಲಿಯ ಪರೀಕ್ಷಾ ಪ್ರಾಧಿಕಾರ ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಶಾಲೆಯಲ್ಲಿ ಓದಿದ ಮಗುವಿಗೆ ಅದು ಕಷ್ಟವಾಗಬಹುದು. ಎರಡು ವರ್ಷ ಮೊದಲೇ ಓದು-ಬರಹ ಕಲಿಸಿದರೆ ಕಷ್ಟವಲ್ಲ. ಕಲ್ಯಾಣ ಕರ್ನಾಟಕದವರಿಗೆ 371-ಜೆ ಮೀಸಲಾತಿ ಇದೆ. ಭೀಮೆಯ ಆ ದಡದ ಅಫಜಲಪುರಕ್ಕೆ ಅದು ಸಿಗುತ್ತದೆ, ಈ ದಡದ ಇಂಡಿಗೆ ಸಿಗುವುದಿಲ್ಲ. ನಿಯಮಗಳು ವರ್ಷ ವರ್ಷ ತಿದ್ದುಪಡಿಯಾಗುತ್ತವೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೀವೇ ಕೂತು ಓದಿ ಹೇಳಿ. ಮೂಲ ದಾಖಲೆ ಕಾಲೇಜಿಗೆ ಕೊಡುವ ಮುಂಚೆ ನಾಲ್ಕು ಜೆರಾಕ್ಸ್, ಮತ್ತು ಕೊಟ್ಟಿದ್ದಕ್ಕೆ ರಸೀದಿ. 2011ರ ಎಂಟು ತಿಂಗಳು ನನಗೆ ಕಲಿಸಿದ ಪಾಠ ಇದು.

ಇಂಡಿಯ ಆ ಹುಡುಗಿ ಹೋದ ವರ್ಷ ಎರಡನೇ ವಾರಕ್ಕೇ ಫೋನ್ ಮಾಡಿದಳು. "ಅಕ್ಕಾ, ನನಗ ಇಲ್ಲಿ ಆಗಂಗಿಲ್ಲ." ಏನಾಯಿತು ಎಂದು ಕೇಳಿದರೆ ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ ಇಂಗ್ಲಿಷಿನಲ್ಲಿ ಹೆಸರು, ಊರು, ಹವ್ಯಾಸ ಹೇಳಲು ಕೇಳಿದ್ದರು. ‘ಹಾಬಿ’ ಅಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ. ಎಲ್ಲರೂ ನಕ್ಕರು. ಇಷ್ಟು ಸಣ್ಣದಕ್ಕೇ ಒಂದು ಮಗು ಊರಿಗೆ ಹೊರಟುಬಿಡುತ್ತದೆಯೇ ಎಂದು ನೀವು ಕೇಳಬಹುದು. ಹೊರಡುತ್ತದೆ. ಆ ಸಂಜೆ ಡ್ಯೂಟಿ ಮುಗಿಸಿ ಹೋದೆ. ಸಾರಸಬಾಗಿನ ಹುಲ್ಲಿನ ಮೇಲೆ ಕೂತು ಭೇಳ ತಿಂದೆವು. ನನ್ನ 50ಕ್ಕೆ 9ರ ಕಥೆ ಹೇಳಿದೆ, ಟ್ರಂಕಿನ ಮೇಲೆ ಕೂತ ಸಿಸ್ಟರಿನ ಕಥೆಯನ್ನೂ. ನಿನ್ನ ಹವ್ಯಾಸ ಏನು ಅಂದೆ. ಯೋಚಿಸಿ, ಕೌದಿ ಹೊಲಿಯುತ್ತೇನೆ ಅಂದಳು. ಗಾಯಕ್ಕೆ ಹೊಲಿಗೆ ಹಾಕುವುದು ನಿನಗೇ ಎಲ್ಲರಿಗಿಂತ ಮೊದಲು ಬರುತ್ತದೆ ನೋಡು ಅಂದೆ. ಆಮೇಲೆ ಭಾನುವಾರದ ಫೋನ್ ಒಂದನ್ನೂ ತಪ್ಪಿಸಲಿಲ್ಲ.

ದೀಪಾವಳಿಗೆ ಅವಳು ಊರಿಗೆ ಹೋದಳು. ರಜೆ ಮುಗಿಯುವ ದಿನ ನಾನು ನಾಲ್ಕೂವರೆಗೇ ಎದ್ದೆ. ಸ್ಟ್ಯಾಂಡಿನಲ್ಲಿ ಅವಳ ತಂದೆಯೂ ಇದ್ದರು, ಕೆಲಸಕ್ಕೆ ಹೋಗುವ ಮುಂಚೆ ಬಂದಿದ್ದರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಚಹಾ ಕುಡಿದೆವು. ಐದೂವರೆಯ ಬಸ್ಸು ಬಂತು, ಅವಳು ಇಳಿಯಲಿಲ್ಲ. ಆ ಮನುಷ್ಯ ನನ್ನ ಮುಖ ನೋಡಿದರು. ಫೋನ್ ಹಚ್ಚಿದರೆ ಸ್ವಿಚ್ ಆಫ್. ಆರೂ ಹತ್ತಕ್ಕೆ ಇನ್ನೊಂದು ಬಸ್ಸು ತಿರುವಿನಲ್ಲಿ ಕಾಣಿಸಿತು. ಕಿಟಕಿಯಿಂದ ಮೊದಲು ಒಂದು ಗಂಟು ಹೊರಬಂತು, ಹಿಂದೆ ಒಂದು ಕೈ.

"ಅಕ್ಕಾ, ಹಿಡೀರಿ, ಶೇಂಗಾ ಹೋಳಿಗಿ ಅದಾವ, ಮುರೀತಾವ!"